ಮೀನಿಗೆ ಕಟ್ಟಿದ ಪಾವಟಿಗೆ

ನಾವು ಕುಳಿತ ದೋಣಿ ನಿಂತಲ್ಲೇ ಕೆಳಗಿಳಿಯತೊಡಗಿತು. ಹಿಂದೊಂದು, ಮುಂದೊಂದು ದೊಡ್ಡ ಮರದ ಬಾಗಿಲು, ಎರಡೂ ಮುಚ್ಚಿದ್ದವು. ಬದಿಯ ಕಲ್ಲುಗೋಡೆಗಳು ನೋಡನೋಡುತ್ತ ಎತ್ತರವಾದವು. ಅವ್ವ ನನ್ನ ರಟ್ಟೆ ಹಿಡಿದಳು.

"ಯವ್ವಾ, ಮುಳಗಾಕತ್ತೇವಲ್ಲ!"

"ಮುಳಗೂದಿಲ್ಲವ್ವಾ. ನೀರು ಬಿಡಾಕತ್ತಾರ."

ನದಿಯ ನೀರು ಮೇಲೆ, ಕಾಲುವೆಯದು ಕೆಳಗೆ; ಬಾಗಿಲುಗಳ ನಡುವಿನ ನೀರು ಹೊರಬಿಟ್ಟು ದೋಣಿಯನ್ನು ಇಳಿಸಲು ಕಟಕ ಊರಲ್ಲಿ ಮಾಡಿದ ಉಪಾಯ ಅದು. ಮುಂದಿನ ಬಾಗಿಲು ತೆರೆದು ದೋಣಿ ಕಾಲುವೆಗೆ ಜಾರಿದಾಗ ಅವ್ವ ಕೈಮುಗಿದಳು.

ಅಕ್ಕಲಕೋಟದ ನನ್ನ ಗಂಡ ಸೊಲ್ಲಾಪುರದ ಸೀರೆ ಮಾರಲು ಒಡಿಶಾದ ಈ ಊರಲ್ಲಿ ಅಂಗಡಿ ಇಟ್ಟು ನಾಲ್ಕಾರು ವರ್ಷವಾಗಿತ್ತು. ನನ್ನ ತವರು ವಳಸಂಗದಲ್ಲಿ ಬದುವಿನ ಮೇಲೆ ನಿಂತರೆ ಕಣ್ಣು ಹರಿಯುವ ತನಕ ಜೋಳ. ಇಲ್ಲಿ ಎತ್ತ ನೋಡಿದರೂ ನೀರು. ಮೀನು ತಿನ್ನದ ನಮಗೆ ಮನೆ ಸಿಕ್ಕಿದ್ದು ಮೀನು ಹುರಿಯುವ ಓಣಿಯಲ್ಲಿ. ಮೊದಮೊದಲು ಕದ ಹಾಕಿಕೊಂಡೇ ಉಂಡೆ. ಆಮೇಲೆ ಪಕ್ಕದ ಮನೆಯ ಮುದುಕಿ ನನ್ನ ಮಗಳು ಗೌರಿಗೆ ಪಖಾಳ, ಅಂದರೆ ನೀರಲ್ಲಿ ನೆನೆಸಿಟ್ಟ ಅನ್ನ, ಉಣ್ಣಿಸತೊಡಗಿದಳು. ಕದ ತೆರೆದದ್ದು ಆಗ. ಗೌರಿಗೆ ಕನ್ನಡ ತಿಳಿಯುತ್ತಿತ್ತು. ಬಾಯಿಗೆ ಬರುತ್ತಿದ್ದದ್ದು ಒಡಿಯಾ.

ಪುರಿಯಾತ್ರೆ ಮುಗಿಸಿದ ಅಪ್ಪ, ಅವ್ವ ಊರಿಗೆ ಮರಳುವ ದಾರಿಯಲ್ಲಿ ಒಂದು ದಿನದ ಮಟ್ಟಿಗೆ ಇಳಿದಿದ್ದರು. ಅವರಿಗೆ ತೋರಿಸಲು ಈ ಊರಲ್ಲಿ ನನ್ನದೆಂಬುದು ಏನಿತ್ತು? ಕಾಲುವೆಗೆ ಕರೆತಂದಿದ್ದೆ.

ದೋಣಿ ಇಳಿದು ನದಿಯ ಅಣೆಕಟ್ಟಿಗೆ ನಡೆದೆವು. ಅದರ ಬದಿಯ ಕಲ್ಲಿನ ಪಾವಟಿಗೆಯಲ್ಲಿ ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಧುಮುಕುತ್ತಿತ್ತು. ಬೆಳ್ಳನೆಯ ಮೀನೊಂದು ಚಂಗನೆ ನೆಗೆದು ಮೇಲಿನ ಮೆಟ್ಟಿಲ ನೀರಿಗೆ ಬಿತ್ತು.

"ಆಯಿ! ಮಾಛ, ಮಾಛ!" ಗೌರಿ ಅವ್ವನ ಸೆರಗು ಜಗ್ಗಿದಳು.

"ಮೀನು ಮ್ಯಾಲೆ ಹತ್ತಲಿ ಅಂತ ಕಟ್ಯಾರವ್ವಾ" ಎಂದೆ.

"ನಮ್ಮ ಬಾಂವಿಗೆ ಪಾವಟಗಿ ಕಟ್ಟಸ್ರಿ ಅಂದ್ರ ನಿಮ್ಮಪ್ಪಗ ಆಗವಲ್ದು. ಇಲ್ಲಿ ಮೀನಿಗೆ ಕಟ್ಟಿಸ್ಯಾರ!"

ಅಪ್ಪ ನಕ್ಕ. ಅವ್ವ ಮೊಮ್ಮಗಳ ತಲೆ ಸವರಿದಳು. "ಆಯಿ ಅಂದ್ಳು ನೋಡು. ನಮ್ಮ ಮಾತು ಮರ್ತಿಲ್ಲ ಕೂಸು."

ಒಡಿಯಾದಲ್ಲೂ ಅಜ್ಜಿಗೆ ಆಯಿ ಎನ್ನುತ್ತಾರೆ. ಗೌರಿ ಅದನ್ನು ಕಲಿತದ್ದು ಪಕ್ಕದ ಮನೆಯ ಮುದುಕಿಯಿಂದ.

ಅವ್ವನಿಗೆ ಧೈರ್ಯ ಬಂತು. "ಈಕಿನ್ನ ನನ್ನ ಕೂಡ ಕಳಸು. ಅಲ್ಲೇ ಸಾಲಿಗೆ ಹಾಕ್ತೀನಿ. ಇಲ್ಲೇ ಬೆಳದ್ರ ನಾಳೆ ನಮ್ಮ ಮಂದ್ಯಾಗ ಹ್ಯಾಂಗ ಬಾಳತಾಳ?"

ನನಗಿಂತ ಮೊದಲು ಅಪ್ಪ ಮಾತಾಡಿದ. "ಮಗಳನ್ನ ದೂರ ಕಳಿಸಿ ಇಷ್ಟು ವರ್ಷ ನೀ ಅತ್ತೀದಿ. ಈಗ ಈಕೀನೂ ಅಳಸ್ತೀಯೇನು?"

ಅವ್ವ ನೀರಿನ ಕಡೆ ತಿರುಗಿದಳು. ಗೌರಿಯನ್ನಲ್ಲ, ನನ್ನನ್ನೇ ಕರಕೊಂಡು ಹೋಗು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಕಳಸೂದಿಲ್ಲವ್ವಾ" ಎಂದೆ.

ಸಂಜೆ ಸ್ಟೇಷನ್ನಿನಲ್ಲಿ ಅವ್ವ ದಾರಿಗೆಂದು ತಂದು ಉಳಿದಿದ್ದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಗಂಟು ನನ್ನ ಉಡಿಗೆ ಹಾಕಿ, ಮುಖ ನೋಡದೆ ಹತ್ತಿದಳು. ಗಾಡಿ ಹೊರಟಿತು. ಅಪ್ಪನ ರುಮಾಲು ಕಿಟಕಿಯಲ್ಲಿ ಸ್ವಲ್ಪ ಹೊತ್ತು ಕಂಡಿತು.

"ಘರಕು ಜಿಬಾ" ಎಂದಳು ಗೌರಿ, ಮನೆಗೆ ಹೋಗೋಣ ಎಂದು. ಹೂಂ ಎಂದು ಹೆಜ್ಜೆ ಹಾಕಿದೆ. ಮಗಳು ಕೈ ಜಗ್ಗಿದಾಗಲೇ ಗೊತ್ತಾದದ್ದು, ನಾನು ಗಾಡಿ ಹೋದ ಕಡೆಗೆ ನಡೆಯುತ್ತಿದ್ದೆ.