ಕಡಬದ ತೆಂಗಿನ ಮಟ್ಟೆಗಳು

ಇಂದು ಬೆಳಿಗ್ಗೆ ಸ್ನಾನದ ಹಂಡೆಯ ಕೆಳಗೆ ಒಣಗಿದ ತೆಂಗಿನ ಮಟ್ಟೆಯೊಂದು ಹೊತ್ತಿಕೊಂಡಿತು. ಆ ಹೊಗೆಯ ವಾಸನೆಗೆ ನಮ್ಮ ತುಮಕೂರು ಜಿಲ್ಲೆಯ ಕಡಬದ ಡ್ರಿಲ್ ಮೇಷ್ಟ್ರು ನೆನಪಾದರು...

ಕೆಲವು ವರ್ಷಗಳ ಹಿಂದೆ ತುಮಕೂರಿನ ಸಿರಿವಂತರು ಐರ್ಲೆಂಡಿನ ಹರ್ಲಿಂಗ್ ಎಂಬ ಪುರಾತನ ಆಟಕ್ಕೊಂದು ಕ್ಲಬ್ಬು ಕಟ್ಟಿದರು. ತುದಿ ಅಗಲವಾದ ಕೋಲಿನಿಂದ ಚೆಂಡು ಹೊಡೆದು ಗೋಲು ಸೇರಿಸುವ ಆಟ ಅದು. ಕೋಲುಗಳು ವಿಮಾನದಲ್ಲಿ ಬಂದವು. ಆಟ ಮಾತ್ರ ಬರಲಿಲ್ಲ. ನಿಂತಲ್ಲೇ ನಿಂತು ದೂರಕ್ಕೆ ಬಾರಿಸುವುದು, ಬಾರಿಸಿ ಚಪ್ಪಾಳೆಗಾಗಿ ಸುತ್ತ ನೋಡುವುದು, ಇಷ್ಟೇ ಅವರ ವಿದ್ಯೆ.

ಆ ಆಟವನ್ನು ಕಂಡುಬಂದ ಮೇಷ್ಟ್ರು ತೆಂಗಿನ ಗರಿಯ ಮಟ್ಟೆಯ ಬುಡವನ್ನು ಕೆತ್ತಿ ತಮ್ಮೂರ ಯುವಕರಿಗೆ ಕೋಲು ಮಾಡಿಕೊಟ್ಟರು. ಹಿರೇಹಳ್ಳಿಯ ಕಾರ್ಖಾನೆಗಳಲ್ಲಿ ದುಡಿದು ಸಂಜೆ ಕೆರೆಯಂಗಳಕ್ಕೆ ಬರುತ್ತಿದ್ದವರು ಅವರು. ಬಲವಾಗಿ ಹೊಡೆದರೆ ಮಟ್ಟೆ ಸೀಳುತ್ತಿತ್ತು. ಆದ್ದರಿಂದ ಚೆಂಡನ್ನು ಮೆಲ್ಲನೆ ತಟ್ಟಿ, ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಓಡುವುದನ್ನು ಅಭ್ಯಾಸ ಮಾಡಿದರು.

ಕ್ಲಬ್ಬಿಗೂ ಕಡಬಕ್ಕೂ ಪಂದ್ಯ ಏರ್ಪಟ್ಟಿತು. ಗೆದ್ದವರು ಜಿಲ್ಲೆಯ ತಂಡವಾಗಿ ಬೆಂಗಳೂರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ನಿವೃತ್ತ ಸಂಸ್ಕೃತ ಪಂಡಿತನಾದ ನನಗೆ ಕ್ಲಬ್ಬಿನವರು ಶಾಲು ಹೊದಿಸಿ, ಮುಖ್ಯ ತೀರ್ಪುಗಾರನೆಂದು ವೇದಿಕೆಯ ಮೇಲೆ ಕೂರಿಸಿದ್ದರು.

ಮಟ್ಟೆಗಳನ್ನು ಕಂಡು ಕ್ಲಬ್ಬಿನ ಅಧ್ಯಕ್ಷ ನಕ್ಕ. "ಏನ್ ಮೇಷ್ಟ್ರೇ, ನೀರ್ ಕಾಯ್ಸಕ್ ಬಂದ್ರಾ?"

"ಕಾಯ್ಲಿ ಬುಡಿ ಸಾರ್, ಆಮೇಲ್ ನೀವೇ ಮೀಯೋರಂತೆ," ಎಂದರು ಮೇಷ್ಟ್ರು.

ಅರ್ಧ ಆಟ ಮುಗಿಯುವಷ್ಟರಲ್ಲಿ ಕಡಬ ಬಹಳ ಮುಂದಿತ್ತು. ಅಧ್ಯಕ್ಷನ ನಗು ಆರಿತ್ತು. ನಿಯಮದ ಪುಸ್ತಕ ಹಿಡಿದು ನನ್ನ ಬಳಿಗೆ ಬಂದ.

"ಶಾಸ್ತ್ರ ಬಲ್ಲೋರು ನೀವು. ಮರದ ಕೋಲೇ ಆಗ್ಬೇಕು ಅಂತಿದೆ, ಓದಿ ಪಂಡಿತರೇ."

ಆಟಕ್ಕೆ ಮುನ್ನ ಅವೇ ಮಟ್ಟೆಗಳನ್ನು ಮುಟ್ಟಿ ನೋಡಿ ಒಪ್ಪಿದ್ದವನು ಅವನೇ. ಅದನ್ನು ನಾನು ಬಲ್ಲೆ. ಆದರೂ ಗ್ರಂಥದಲ್ಲಿದ್ದಂತೆ, ಮಟ್ಟೆ ಮರವಲ್ಲವೆಂದು ತೀರ್ಪು ಕೊಟ್ಟೆ. ಕ್ಲಬ್ಬಿನ ಭಾರದ ಕೋಲುಗಳನ್ನು ಎರವಲು ಪಡೆದ ಯುವಕರ ಕೈ ತಪ್ಪಿತು, ಚೆಂಡು ತಪ್ಪಿತು, ಸೋತರು.

ಮೇಷ್ಟ್ರು ಮಟ್ಟೆಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ನನಗೆ ಕೈಮುಗಿದರು. "ಪುಸ್ತಕದಾಗ್ ಹಂಗೇ ಐತೆ, ಸ್ವಾಮಿ," ಎಂದಷ್ಟೇ ಹೇಳಿ ಹೊರಟುಹೋದರು.

ಈಗ ಆ ಕ್ಲಬ್ಬಿನವರೂ ತಟ್ಟಿ ದಾಟಿಸುತ್ತಲೇ ಆಡುತ್ತಾರೆ. ಅದು ಅವರ ಸ್ವಂತ ಶೋಧವಂತೆ. ಪಂದ್ಯದ ಆಮಂತ್ರಣದಲ್ಲಿ ಹಾಗೆಂದು ಅಚ್ಚು ಹಾಕಿಸಿಕೊಂಡಿದ್ದಾರೆ. ಕದ್ದದ್ದನ್ನು ತಮ್ಮದೆಂದು ಸಾರಲೂ ಸಂಕೋಚವಿಲ್ಲದ ಜನ. ಅವರನ್ನು ತುಚ್ಛವಾಗಿ ಕಾಣುವುದು ನನಗೆ ಬಹಳ ಸುಲಭವಾಗಿತ್ತು... ಆದರೆ ಅವರು ಹೊದಿಸಿದ ಶಾಲು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಮೇಷ್ಟ್ರು ಕಳೆದ ವರ್ಷ ಲಿಂಗೈಕ್ಯರಾದರು. ಕಡಬಕ್ಕೆ ಹೋಗಿ ಒಂದು ಮಾತು ಹೇಳಬೇಕೆಂದುಕೊಂಡವನು ಹೋಗಲೇ ಇಲ್ಲ.

ಹಂಡೆಯ ನೀರು ಕಾದಿತ್ತು. ಮಿಂದು ಶಿವಪೂಜೆಗೆ ಕುಳಿತೆ. ವಿಭೂತಿ ಧರಿಸಿದ ಮೇಲೂ ಮೈಯಿಂದ ಮಟ್ಟೆಯ ಹೊಗೆಯ ವಾಸನೆ ಹೋಗಲಿಲ್ಲ.