ನಮ್ಮ ಕೂಟದ ವಂದನಾರ್ಪಣೆಯವರು

ಎಪ್ಪತ್ತರ ದಶಕದಲ್ಲಿ ಮಂಡ್ಯದ ನಮ್ಮ ಭಾಷಣ ಕೂಟದಲ್ಲಿ ವಂದನಾರ್ಪಣೆ ಯಾವಾಗಲೂ ಅವರದೇ. ಕೆಲಸ ಊರಾಚೆಯ ಕೃಷಿ ಕೇಂದ್ರ ವಿ.ಸಿ. ಫಾರಂನಲ್ಲಿ; ಮನೆಯಲ್ಲಿ ತಾಯಿ, ಅವರು, ಇಬ್ಬರೇ. ಶನಿವಾರ ಸೈಕಲ್ಲಿನಲ್ಲಿ ಬಂದು, ಪ್ಯಾಂಟು ಚೈನಿಗೆ ಸಿಗದಂತೆ ಕಾಲಿಗೆ ಹಾಕಿದ ಕ್ಲಿಪ್ಪು ತೆಗೆದು ಜೇಬಿಗೆ ಹಾಕಿ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಯಾರಾದರೂ ಪಿಸುಗುಟ್ಟಿದರೆ ಬೆರಳೆತ್ತುತ್ತಿದ್ದರು: "ಒಬ್ರು ಮಾತಾಡ್ವಾಗ ಮದ್ಯೆ ಬಾಯಾಕ್ಬಾರ್ದು ಕಣ್ರೀ."

ಒಂದು ಸಂಜೆ ತಡವಾಗಿ ಬಂದರು. ಕ್ಲಿಪ್ಪು ತೆಗೆಯಲಿಲ್ಲ. ವಕೀಲರೊಬ್ಬರು ಸಮಯಪಾಲನೆಯ ಬಗ್ಗೆ ಮುಗಿಯದ ಭಾಷಣ ಮಾಡುತ್ತಿದ್ದರು. ನಾವೆಲ್ಲ ಆಕಳಿಸುತ್ತಿದ್ದೆವು, ಅವರು ಮಾತ್ರ ಕಿಟಕಿಯ ಬೆಳಕನ್ನೇ ನೋಡುತ್ತ ಕೂತಿದ್ದರು.

ಕೊನೆಗೆ ಅವರ ಸರದಿ ಬಂತು. ಅಧ್ಯಕ್ಷರಿಗೆ, ವಕೀಲರಿಗೆ, ಕೋಣೆ ಕೊಟ್ಟ ಹೆಡ್‌ಮಾಸ್ತರಿಗೆ ಎಂದಿನಂತೆ ಒಬ್ಬೊಬ್ಬರಿಗೂ ವಂದಿಸಿದರು. ಮುಗಿದ ಕೈ ಇಳಿಸದೆ ಹೇಳಿದರು: "ನಮ್ಮವ್ವ ಮದ್ಯಾನ ತೀರ್ಕೊಂಬುಟ್ಲು. ಕತ್ಲಾಗೋಕ್ ಮುಂಚೆ ಎತ್ಬೇಕಿತ್ತು. ಎಗಲು ಕೊಡಾಕೆ ಯಾರಾರಾ ಬತ್ತೀರಾ?"

ಕಿಟಕಿಯಾಚೆ ಆಗಲೇ ಕತ್ತಲಾಗಿತ್ತು. ನಾವೆಲ್ಲ ಧಡಕ್ಕನೆ ಎದ್ದೆವು.

ವಕೀಲರು ಹೌಹಾರಿ ಕೂಗಿದರು: "ಬಂದ ತಕ್ಷಣ ಹೇಳಬಾರದಿತ್ತೇನ್ರೀ?"

ಅವರು ಬಗ್ಗಿ ಕ್ಲಿಪ್ಪು ಸರಿಮಾಡಿಕೊಳ್ಳುತ್ತ ಅಂದರು: "ತಾವು ಮಾತಾಡ್ತಿದ್ರಲ್ಲ, ಸ್ವಾಮಿ."