ವಿನಿಯೋಗದ ದಿನ

ಬೆಳಗಿನ ಪೂಜೆ ಮುಗಿಸಿ ತೀರ್ಥ ತೆಗೆದುಕೊಂಡ ಮೇಲೆ ಪಂಚಾಂಗ ನೋಡುವುದು ತಂದೆಯವರಿಂದ ನನಗೆ ಬಂದ ಅಭ್ಯಾಸ. ಆದಾಯ ತೆರಿಗೆಯ ಕಾಯಿದೆ ನೋಡುವುದು ಹೊಟ್ಟೆಪಾಡಿಗಾಗಿ ನಾನೇ ಕಲಿತ ವಿದ್ಯೆ. ಮದರಾಸಿನಲ್ಲಿ ಲೆಕ್ಕಪರಿಶೋಧಕನಾಗಿ ಬಹಳ ವರ್ಷ ಕಳೆದಿದ್ದೇನೆ. ಈ ಎರಡು ಗ್ರಂಥಗಳೂ ನನ್ನ ಮೇಜಿನ ಮೇಲೆ ಅಕ್ಕಪಕ್ಕದಲ್ಲೇ ಇರುತ್ತವೆ. ಆದರೂ ಒಮ್ಮೆ, ಒಂದನ್ನು ತೆರೆದವನು ಇನ್ನೊಂದನ್ನು ಮರೆತೆ.

ತೀರಿಹೋದ ನನ್ನ ಮಿತ್ರರೊಬ್ಬರ ಮಗಳು ಪೋರೂರಿನಲ್ಲಿ ಮೂರಂತಸ್ತಿನ ಕಟ್ಟಡ ಕಟ್ಟಿಸಿದಳು. ಕೆಳಗೆ ಅವಳ ರಕ್ತಪರೀಕ್ಷೆಯ ಲ್ಯಾಬು, ಮೇಲೆ ಬಾಡಿಗೆಗೆ ಕಚೇರಿಗಳು. ಅದುವರೆಗೆ ಲ್ಯಾಬು ವಡಪಳನಿಯ ಒಂದು ಹಳೆಯ ಮನೆಯಲ್ಲಿತ್ತು. ಅಲ್ಲಿ ಶೀತಲ ಪೆಟ್ಟಿಗೆಗಳು ಹಗಲಿರುಳು ಓಡುವುದರಿಂದ ಬರುತ್ತಿದ್ದ ಕರೆಂಟ್ ಬಿಲ್ಲನ್ನು ಕಂಡು ಅವಳು ಬೇಸತ್ತಿದ್ದಳು. ಆದ್ದರಿಂದ ಹೊಸ ಕಟ್ಟಡದ ಪಶ್ಚಿಮದ ಗೋಡೆಗೆ ಕಿಟಕಿ ಕಡಿಮೆ ಇಡಿಸಿ, ತಾರಸಿಗೆ ಬಿಳಿಯ ಹೆಂಚು ಹಾಕಿಸಿ, ಅದರ ಮೇಲೆ ಸೂರ್ಯನ ಬಿಸಿಲಿನಿಂದ ವಿದ್ಯುತ್ ಮಾಡುವ ಫಲಕಗಳನ್ನು ಸಾಲಾಗಿ ಕೂಡಿಸಿದಳು.

ಇಂಥ ಸಾಧನಗಳಿಗೆ ಸರ್ಕಾರ ಸವಕಳಿಯ, ಅಂದರೆ ವರ್ಷವರ್ಷವೂ ಸವೆಯುವ ಬೆಲೆಯ, ದರವನ್ನು ಹೆಚ್ಚಾಗಿ ಕೊಟ್ಟಿದೆ, ಅಷ್ಟನ್ನು ಲಾಭದಿಂದ ಕಳೆದು ತೋರಿಸಬಹುದು, ತೆರಿಗೆ ಇಳಿಯುತ್ತದೆ ಎಂದು ಅವಳಿಗೆ ತಿಳಿಸಿದವನು ನಾನೇ. ಆ ಉಳಿತಾಯವನ್ನು ನಂಬಿ ಅವಳು ಥೈರಾಯ್ಡ್ ಪರೀಕ್ಷೆಯ ಹೊಸ ಯಂತ್ರವೊಂದಕ್ಕೆ ಮುಂಗಡ ಕೊಟ್ಟಿದ್ದಳು.

ಭಾದ್ರಪದದಲ್ಲಿ ಕೆಲಸ ಮುಗಿಯಿತು. ಯಾವ ದಿನ ಚಾಲೂ ಮಾಡಬೇಕೆಂದು ಅವಳು ಕೇಳಿದಾಗ ಪಂಚಾಂಗ ತೆರೆದೆ. ಕೆಲವೇ ದಿನಗಳಲ್ಲಿ ಪಿತೃಪಕ್ಷ ಬರುವುದಿತ್ತು. ಅದರಲ್ಲಿ ಹೊಸದೇನನ್ನೂ ತೊಡಗಬಾರದು. ಅದಕ್ಕೆ ಮುಂಚೆ ಅನಂತ ಚತುರ್ದಶಿ ಕಣ್ಣೆದುರಿಗೇ ಇತ್ತು. ಆದರೆ ಅಂದು ನಮ್ಮ ಮನೆಯಲ್ಲಿ ಅನಂತನ ವ್ರತ, ನಾನು ಹೊರಗೆ ಹೋಗುವಂತಿಲ್ಲ. ಮಿತ್ರನ ಮಗಳ ಕಟ್ಟಡಕ್ಕೆ ನನ್ನ ಕೈಯಿಂದಲೇ ಬೆಳಕು ಬರಲಿ ಎಂಬ ಆಸೆ ಒಳಗಿತ್ತು. ವಿಜಯದಶಮಿ ಪ್ರಶಸ್ತ ಎಂದೆ. ಅದು ಪ್ರಶಸ್ತವೇ, ಸುಳ್ಳಲ್ಲ.

ದಶಮಿಯಂದು ಕೋಯಂಬೇಡಿನ ಮಾರುಕಟ್ಟೆಯಿಂದ ಸೇವಂತಿಗೆಯ ಹಾರಗಳೂ ಬೂದುಗುಂಬಳವೂ ಬಂದಿದ್ದವು. ದೇವರ ಪಟಕ್ಕೆ ಮಂಗಳಾರತಿ ಮಾಡಿ, ಅಕ್ಷತೆ ಹಾಕಿ, ನಾನೇ ಸ್ವಿಚ್ ಒತ್ತಿದೆ. ಲ್ಯಾಬಿನ ಏಸಿಯಿಂದ ತಣ್ಣನೆಯ ಗಾಳಿ ನಿಃಶಬ್ದವಾಗಿ ಬಂತು. ಸೂರ್ಯನಾರಾಯಣನ ಅನುಗ್ರಹ ತಂತಿಯಲ್ಲಿ ಇಳಿದು ಬರುವುದನ್ನು ಈ ವಯಸ್ಸಿನಲ್ಲಿ ಕಂಡೆನಲ್ಲಾ ಎಂದು ಮನಸ್ಸು ತುಂಬಿತು.

ಮುಂದಿನ ಬೇಸಿಗೆಯಲ್ಲಿ ಅವಳ ಲೆಕ್ಕ ನೋಡಲು ಕುಳಿತಾಗ ಕೈ ತಡೆಯಿತು. ಸಾಧನವನ್ನು ಆ ವರ್ಷದಲ್ಲಿ ನೂರ ಎಂಬತ್ತು ದಿನಗಳಿಗಿಂತ ಕಡಿಮೆ ಬಳಸಿದ್ದರೆ ಆ ವರ್ಷ ಸಿಗುವುದು ಅರ್ಧ ಸವಕಳಿ ಮಾತ್ರ. ಮಾರ್ಚಿ ಕೊನೆಯಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಮೂರು-ನಾಲ್ಕರೊಳಗೆ ಬಳಕೆಗೆ ಬಂದಿರಬೇಕು. ಆ ವರ್ಷದ ವಿಜಯದಶಮಿ ಆ ಗಡಿ ದಾಟಿ ಬಿದ್ದಿತ್ತು. ನೂರಾರು ಜನರಿಗೆ ನಾನೇ ಹೇಳಿಕೊಟ್ಟ ನಿಯಮವಿದು.

ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತಲೇ ಅಂದಳು: “ಏಕಾದಶಿ ಒಂದು ಗಳಿಗೆ ಆಚೀಚೆ ಆಗೋಕೆ ಬಿಡೋದಿಲ್ಲ ನೀವು. ಇದನ್ನ ಹ್ಯಾಗೆ ಬಿಟ್ರಿ?”

ಆ ಹುಡುಗಿಗೆ ಫೋನಿನಲ್ಲಿ ತಿಳಿಸಿದೆ. ಎರಡು ದಿನ ಬಿಟ್ಟು ಮನೆಗೆ ಬಂದಳು. ಕೈಯಲ್ಲಿ ಒಂದು ಕಾಗದವಿತ್ತು. ಫಲಕಗಳನ್ನು ಕೂಡಿಸಿದ ಗುತ್ತಿಗೆದಾರ, ಸಾಧನಗಳು ಸೆಪ್ಟೆಂಬರಿನಲ್ಲೇ ಬಳಕೆಗೆ ಬಂದವೆಂದು ಬರೆದುಕೊಟ್ಟಿದ್ದ. ನಿಜವಾಗಿ ಸೆಪ್ಟೆಂಬರಿನಲ್ಲಿ ಎಲ್ಲವೂ ಹೊದಿಕೆಯ ಕೆಳಗಿತ್ತು. ವಡಪಳನಿಯಿಂದ ಒಂದು ಸೂಜಿಯೂ ಬಂದಿರಲಿಲ್ಲ. ಇದನ್ನು ಕಡತದಲ್ಲಿಟ್ಟು ವರದಿಗೆ ಸಹಿ ಹಾಕಿದರೆ ಸಾಕು, ಯಾರೂ ಕೇಳುವುದಿಲ್ಲ ಎಂದಳು. ಯಂತ್ರದ ಉಳಿದ ಹಣವನ್ನು ಈ ವರ್ಷವೇ ಕಟ್ಟಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

“ದಿನ ಕೊಟ್ಟೋರು ನೀವೇ ತಾನೆ, ಮಾಮಾ? ಈಗ ಅರ್ಧಾನೇ ಅಂದ್ರೆ ನ್ಯಾಯಮಾ ಇದು?” ಎಂದಳು.

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಂತ್ರಜಪಕ್ಕೆ ಮೊದಲು ‘ಜಪೇ ವಿನಿಯೋಗಃ’ ಎಂದು ಹೇಳಿ ಉದ್ಧರಣೆಯೆಂಬ ಪುಟ್ಟ ಚಮಚದಿಂದ ನೀರು ಬಿಡುತ್ತೇವೆ. ಈ ಮಂತ್ರವನ್ನು ಈ ಕೆಲಸಕ್ಕೆ ತೊಡಗಿಸುತ್ತಿದ್ದೇನೆ ಎಂದು ಅದರ ಅರ್ಥ. ಬಾಲ್ಯದಿಂದ ಹೇಳುತ್ತ ಬಂದ ಆ ಮಾತು ಅಂದು ನೆನಪಾಯಿತು. ಕಾಯಿದೆ ಕೇಳುವುದೂ ಅದನ್ನೇ: ಯಾವ ದಿನ ವಿನಿಯೋಗವಾಯಿತು? ನೀರು ಬಿಟ್ಟ ಕೈ ನನ್ನದು. ಆ ಕೈಯಿಂದಲೇ ಬೇರೆ ದಿನವನ್ನು ಹೇಗೆ ಬರೆಯಲಿ?

“ಅಮ್ಮಾ, ಸ್ವಿಚ್ ಒತ್ತಿದೋನು ನಾನು. ಅನಂತ ಚತುರ್ದಶಿ ದಿನ ಬೇಕಾದಷ್ಟು ಚೆನ್ನಾಗಿತ್ತು. ಅವತ್ತು ನಾನು ಬರೋ ಹಾಗಿರ್ಲಿಲ್ಲ, ಅದಕ್ಕೆ ನಿನಗೆ ಹೇಳ್ಲಿಲ್ಲ. ತಪ್ಪು ನಂದೇ,” ಎಂದೆ.

ಬಿಟ್ಟುಹೋದ ಅರ್ಧ ಸವಕಳಿ ಕಳೆದುಹೋಗುವುದಿಲ್ಲ, ಮುಂದಿನ ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸಿಗುತ್ತದೆ ಎಂದು ನಾನು ವಿವರಿಸಿದೆ. ಯಂತ್ರ ಮಾತ್ರ ಒಂದು ವರ್ಷ ತಡವಾಗುತ್ತದೆ. ಕೊನೆಗೆ ಅವಳು ಕಾಗದವನ್ನು ಮಡಚಿ ಕೈಚೀಲಕ್ಕೆ ಹಾಕಿದಳು.

“ಅಪ್ಪ ಇದ್ದಿದ್ರೆ ನಿಮ್ಮನ್ನ ಚೆನ್ನಾಗಿ ಓಟ್ತಿದ್ರು, ಮಾಮಾ,” ಎಂದಳು. ‘ಓಟು’ವುದೆಂದರೆ ನಮ್ಮೂರಿನ ತಮಿಳಿನಲ್ಲಿ ಗೇಲಿ ಮಾಡುವುದು. ನಿಜ, ಮಿತ್ರ ನನ್ನನ್ನು ಒಂದು ವರ್ಷ ಬಿಡುತ್ತಿರಲಿಲ್ಲ. ವಿಜಯದಶಮಿಯ ದಿನಾಂಕವನ್ನೇ ಬರೆದು ಸಹಿ ಹಾಕಿದೆ.

ಯಂತ್ರ ಮರುವರ್ಷ ಬಂತು. ಅದಕ್ಕೆ ದಿನ ಕೇಳಲು ಫೋನ್ ಮಾಡಿದವಳು, “ಎರಡು ಪಂಚಾಂಗಾನೂ ನೋಡಿ ಹೇಳಿ, ಮಾಮಾ. ನೀವು ಬರ್ಲಿಕ್ಕಾಗದಿದ್ರೂ ಪರವಾಗಿಲ್ಲ,” ಎಂದಳು. ಎರಡನ್ನೂ ನೋಡಿದೆ. ಸಿಕ್ಕ ಒಳ್ಳೆಯ ದಿನದಂದು ನಮ್ಮ ಮನೆಯಲ್ಲಿ ತಾಯಿಯ ಶ್ರಾದ್ಧವಿತ್ತು. ಅದೇ ದಿನವನ್ನು ಹೇಳಿ, ಅಕ್ಷತೆಯನ್ನು ಹಿಂದಿನ ಸಂಜೆಯೇ ಕಳಿಸಿಕೊಟ್ಟೆ.